ಉಡಿ ತುಂಬಿಸಿಕೊಂಡ ಸ್ಕೂಟರು

ಯರ್ರೆಪ್ಪ: ಅಲ್ರಿ ಗುಮಾಸ್ತರ, ನನಗೊಂದು ತಿಳೀವಲ್ದು. ಎತ್ತಿಗೆ ಹಲ್ಲು ಉದುರಿದಂಗ ರೇಟು ಇಳಿತೈತಿ. ನಿಮ್ಮ ಸ್ಕೂಟರಿಗೆ ಬಣ್ಣ ಉದುರಿದಂಗ ರೇಟು ಏರತೈತಿ. ಇದ್ಯಾವ ಸೀಮಿ ಲೆಕ್ಕ?

ನಾಗೇಂದ್ರಪ್ಪ: ಯರ್ರೆಪ್ಪಣ್ಣ, ಎತ್ತು ಬ್ಯಾರೆ, ಸ್ಕೂಟರ್ ಬ್ಯಾರೆ. ಇದನ್ನ ಎಂಟು ಗಂಟಿಯಿಂದ ಹೇಳಾಕತ್ತೀನಿ.

ಯರ್ರೆಪ್ಪ: ಏನ್ ಬ್ಯಾರೆ? ಎರಡಕ್ಕೂ ಕೊಂಬು ಅದಾವ. ಎರಡೂ ಮುಂದ ಕುಡಿತಾವ, ಹಿಂದ ಬಿಡ್ತಾವ.

ಇದು ನಡೆದದ್ದು ಹಡಗಲಿಯಲ್ಲಿ, ಎಂಬತ್ತಮೂರನೆಯ ಇಸವಿಯ ಒಂದು ಭಾನುವಾರ, ಸರ್ಕಾರಿ ಗುಮಾಸ್ತ ನಾಗೇಂದ್ರಪ್ಪನ ಮನೆಯ ಅಂಗಳದಲ್ಲಿ. ಬೇವಿನ ಮರದ ನೆರಳಿನಲ್ಲಿ ಅವನ ಏಳು ವರ್ಷದ ಹಳೆಯ ಸ್ಕೂಟರು ಸ್ನಾನ ಮುಗಿಸಿ, ಹಣೆಯ ದೀಪಕ್ಕೆ ಕುಂಕುಮ ಇಡಿಸಿಕೊಂಡು ನಿಂತಿತ್ತು. ಕೊಳ್ಳಲು ಬಂದವನು ಹಿರೇಹಡಗಲಿಯ ಯರ್ರೆಪ್ಪ. ಇನ್ನೂರು ಕುರಿಯ ಒಡೆಯ; ಹೆಗಲ ಮೇಲೆ ಕಂಬಳಿ ಮತ್ತು ಟವೆಲು, ಕೈಯಲ್ಲೊಂದು ಕೈಚೀಲ, ಸೊಂಟದಲ್ಲಿ ಉಬ್ಬಿದ ಹಣದ ಗಂಟು. ಅವನ ಕುರಿಗಳು ಮೇವು ಹುಡುಕಿಕೊಂಡು ಮೂರು ದಿನಕ್ಕೊಮ್ಮೆ ಬೀಡು ಬದಲಿಸುತ್ತಿದ್ದವು. ಕುರಿಗಳ ಹಿಂದೆ ಮೈಲಾರದ ಹೊಳೆದಂಡೆಯವರೆಗೆ ನಡೆದು ನಡೆದು ಸಾಕಾಗಿ, ಈ ವಯಸ್ಸಿಗೆ ಸ್ಕೂಟರು ಕೊಳ್ಳುವ ಮನಸ್ಸು ಮಾಡಿದ್ದ. ಓಡಿಸಲು ಮಾತ್ರ ಬರುತ್ತಿರಲಿಲ್ಲ. ಮೊದಲು ಮನೆಗೆ ಬರಲಿ, ಆಮೇಲೆ ಪರಸ್ಪರ ಹೊಂದಿಕೊಳ್ಳುತ್ತೇವೆ ಎನ್ನುವುದು ಅವನ ಅಂಬೋಣ.

ಯರ್ರೆಪ್ಪನ ಅಪ್ಪ, ಬದುಕಿದ್ದಾಗ, ಮೈಲಿಗೆಯೆಂದು ಈ ಓಣಿಗೆ ಒಮ್ಮೆಯೂ ಕಾಲಿಟ್ಟವನಲ್ಲ. ನೀರು ಬೇಕಾದರೂ ದೂರದ ಬಾವಿಗೆ ಹೋಗುತ್ತಿದ್ದ. ಮಗನನ್ನು ಸ್ಕೂಟರಿನ ಬೆಲೆ ಈ ಅಂಗಳದ ತನಕ ತಂದಿತ್ತು. ಬೆಲೆ ಏರುವುದರಿಂದ ಲೋಕಕ್ಕೆ ಏನೂ ಒಳ್ಳೆಯದಾಗಿಲ್ಲ ಎನ್ನುವಂತಿಲ್ಲ.

ನಾಗೇಂದ್ರಪ್ಪನಿಗೆ ಉಳಿದಿದ್ದದ್ದು ಒಂದೇ ದಿನ. ಅವನ ಹೆಂಡತಿ ಗಾಳೆಮ್ಮ ಸರ್ಕಾರಿ ನರ್ಸು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆರು ವರ್ಷದ ಹಿಂದೆ, ತನ್ನ ಸಂಬಳದಿಂದ ಮುಂಗಡ ಕಟ್ಟಿ, ಕಾಯುವವರ ಪಟ್ಟಿಯಲ್ಲಿ ತನ್ನ ಹೆಸರಿಗೆ ಒಂದು ಹೊಸ ಸ್ಕೂಟರು ಬರೆಸಿದ್ದಳು. ಬರೆಸುವಾಗ ಅದರ ಬೆಲೆ ಐದು ಸಾವಿರ. ವರ್ಷ ವರ್ಷವೂ ಬೆಲೆ ಏರಿತೆಂಬ ಕಾಗದ ಬರುತ್ತಿತ್ತೇ ಹೊರತು ಪಾಳಿ ಬರುತ್ತಿರಲಿಲ್ಲ. ಈ ವಾರ ಪಾಳಿಯೂ ಬಂತು. ಸೋಮವಾರದೊಳಗೆ ಹೊಸಪೇಟೆಯ ಅಂಗಡಿಯಲ್ಲಿ ಎಂಟು ಸಾವಿರದ ಎಂಟುನೂರು ಕಟ್ಟಬೇಕು; ತಪ್ಪಿದರೆ ಹೆಸರು ಪಟ್ಟಿಯ ಬುಡಕ್ಕೆ ಹೋಗುತ್ತದೆ. ಹಳೆಯದನ್ನು ಮಾರದೆ ಆ ಹಣ ಹುಟ್ಟುವಂತಿರಲಿಲ್ಲ.

ಹೆರಿಗೆಗೆ ಭಾನುವಾರ ಗೊತ್ತಿಲ್ಲವಾದ್ದರಿಂದ ಗಾಳೆಮ್ಮ ಬೆಳಿಗ್ಗೆಯೇ ಬಸ್ಸಿಗೆ ಹೊರಟಿದ್ದಳು. ಹೊಸ್ತಿಲಲ್ಲಿ ನಿಂತು, ಸಂಜೆ ತಾನು ಬರುವಷ್ಟರಲ್ಲಿ ಒಂದೋ ಅಂಗಳ ಖಾಲಿ ಇರಬೇಕು, ಇಲ್ಲವೇ ಗಂಡ ಮನೆಯಲ್ಲಿರಬಾರದು ಎಂದು ಹೇಳಿ ಹೋಗಿದ್ದಳು. ಆರು ವರ್ಷ ಬಸ್ ಸ್ಟ್ಯಾಂಡಿನ ಬಿಸಿಲಿನಲ್ಲಿ ನಿಂತವಳು. ಆ ಮಾತು ಆಡುವ ಹಕ್ಕು ಅವಳಿಗಿತ್ತು ಎಂದು ನಾಗೇಂದ್ರಪ್ಪನಿಗೂ ಅನ್ನಿಸಿತ್ತು.

ಯರ್ರೆಪ್ಪ: ಹೊಸಾದಕ್ಕ ಎಂಟು ಸಾವಿರದ ಎಂಟುನೂರು. ಹಳೇದಕ್ಕ ಒಂಬತ್ತೂವರಿ. ಅಂದ್ರ ಹಳೇದು ನನಗ ಹಚ್ಚಿ, ಹೊಸಾದು ತಗೊಂಡು, ಮ್ಯಾಲ ಏಳುನೂರು ರೂಪಾಯಿ ಜೇಬಿನ್ಯಾಗ ಇಟಗೊಂತೀರಿ. ನಲವತ್ತು ವರ್ಷ ಕುರಿ ಕಾದೀನಿ, ಈ ದಂಧೆ ಐತಿ ಅಂತ ನನಗ ಯಾರೂ ಹೇಳಲಿಲ್ಲ.

ನಾಗೇಂದ್ರಪ್ಪ: ಹೊಸಾದಕ್ಕ ಆರು ವರ್ಷ ಕಾಯಬೇಕಣ್ಣ. ಇದು ಈಗಿಂದೀಗ ಕೈಗೆ ಸಿಗತೈತಿ. ಆ ಆರು ವರ್ಷದ ರೇಟು ಅದು.

ಯರ್ರೆಪ್ಪ: ಕಾದೋರು ನಿಮ್ಮ ಹೆಂಡ್ರು. ರೊಕ್ಕ ನಾ ಕೊಡೋದು. ಸರಿ, ಒದಿಯೋ ಚಟ ಏನರ ಐತೇನು?

ನಾಗೇಂದ್ರಪ್ಪ: ಇದು ಒದಿಯಂಗಿಲ್ಲ. ಇದಕ್ಕ ನಾವ ಒದೀಬೇಕು.

ಯರ್ರೆಪ್ಪ: ಒಂಬತ್ತೂವರಿ ಸಾವಿರ ಕೊಟ್ಟು ತಗೊಂಡು, ದಿನಾ ಬೆಳಿಗ್ಗಿ ಎದ್ದು ಒದಿಯೋದೇನು? ಒದ್ದರ ಲಕ್ಷ್ಮಿ ನಿಲ್ತಾಳೇನ್ರಿ?

ಸುಂಕಮ್ಮ: ಹಂಗ ಕೇಳು ಯಪ್ಪಾ. ನನ್ನ ಮಗ ಒದ್ದಾಗೊಮ್ಮೆ ನಾ ಹಿಂದಿಂದ ಹೋಗಿ ಮುಟ್ಟಿ ಶರಣು ಮಾಡ್ತೀನಿ. ಚಳಿಗಾಲದಾಗ ಇಪ್ಪತ್ತಿಪ್ಪತ್ತು ಸಲ ಒದೀತಾನ. ಬಗ್ಗಿ ಬಗ್ಗಿ ನನ್ನ ನಡ ಹಿಡಕೊಂತೈತಿ.

ಸುಂಕಮ್ಮ ನಾಗೇಂದ್ರಪ್ಪನ ತಾಯಿ, ಎಪ್ಪತ್ತು ದಾಟಿದವಳು. ಅವಳ ಗಂಡ ಬದುಕಿರುವ ತನಕ ಕಂಡವರ ಎತ್ತು ಮೇಯಿಸಿ, ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಕೊಡುತ್ತಿದ್ದ. ಇವಳೂ ಜೊತೆಗೆ ಹೋಗಿ, ಯಾವ ಎತ್ತು ಕುಂಟುತ್ತದೆ, ಯಾವ ದಲ್ಲಾಳಿ ಸುಳ್ಳು ಹೇಳುತ್ತಾನೆ ಎಂಬುದನ್ನು ನಡಿಗೆ ನೋಡಿಯೇ ಹೇಳುವಷ್ಟಾಗಿದ್ದಳು. ತಮ್ಮದು ಅಂತ ಒಂದು ಎತ್ತು ಅವರಿಗೆ ಎಂದೂ ಆಗಲಿಲ್ಲ. ಮಗನಿಗೆ ನೌಕರಿಯಾಗಿ ಈ ಸ್ಕೂಟರು ಬಂದ ದಿನ ಅದರ ಕಾಲಿಗೆ, ಅಂದರೆ ಗಾಲಿಗೆ, ನೀರು ಹಾಕಿ ಒಳಗೆ ಕರೆದುಕೊಂಡವಳು ಅವಳೇ. ಅಂದಿನಿಂದ ಅದು ಅವಳ ಹಟ್ಟಿಯ ಮೊದಲ ದನ.

ಯರ್ರೆಪ್ಪ ಸ್ಕೂಟರಿನ ಸುತ್ತ ಬಂದು, ಮುಂದಿನ ತಗಡಿನ ಮೇಲೆ ಒಂದು ಕಡೆ ಬೆರಳಿಟ್ಟ. ಎಡಗಡೆ ಸುಳಿ ಇದೆಯಲ್ಲ, ಎಡಸುಳಿಯ ದನ ಅತ್ತೆ ಇದ್ದವರಿಗೆ ಆಗಿಬರುವುದಿಲ್ಲ, ತನ್ನ ಅತ್ತೆ ಇನ್ನೂ ಗಟ್ಟಿಯಾಗಿದ್ದಾಳೆ ಎಂದ. ನಾಗೇಂದ್ರಪ್ಪ ಅದು ಸುಳಿಯಲ್ಲ, ಬಸ್ ಸ್ಟ್ಯಾಂಡಿನ ಗೋಡೆಗೆ ತಾಗಿ ಆದ ತಗ್ಗು ಎಂದು ಪ್ರಮಾಣ ಮಾಡಿದ. ಹಾಗಾದರೆ ಹಾಯುವ ಚಟ ಇದೆ ಎಂದಾಯಿತು ಅಂತ ಯರ್ರೆಪ್ಪ ತಲೆಯಾಡಿಸಿ, ಹಿಂದಕ್ಕೆ ಹೋದ.

ಯರ್ರೆಪ್ಪ: ಇದೇನಿದು, ಹಿಂದ ಇನ್ನೊಂದು ಗಾಲಿ? ಎರಡರ ಮ್ಯಾಲ ಓಡತೈತಿ ಅಂದ್ರಿ.

ನಾಗೇಂದ್ರಪ್ಪ: ಅದು ಸ್ಟೆಪ್ನಿ. ದಾರ್‍ಯಾಗ ಪಂಚರಾದ್ರ ಹಾಕಾಕ.

ಯರ್ರೆಪ್ಪ: ಬೆನ್ನಮ್ಯಾಲ ಕರ ಹೊತ್ತೈತಿ ಅನ್ನಿ. ಹಂಗಾರ ಇದು ಎತ್ತಲ್ಲ, ಆಕಳ.

ಸುಂಕಮ್ಮ: ನಾ ತಂದ ದಿನಾನ ಹೇಳೀನಿ ಹೆಣ್ಣು ಅಂತ. ಇವ ಕೇಳಲಿಲ್ಲ.

ಯರ್ರೆಪ್ಪ ಆ ಗಾಲಿಯನ್ನು ಹಿಡಿದು ಅಲ್ಲಾಡಿಸಿದ; ಅದು ಗಡಗಡ ಎಂದಿತು. ನಾಗೇಂದ್ರಪ್ಪ ಅದರ ಕಡೆ ಕೈ ಚಾಚಿ ಹಿಂತೆಗೆದ. ಹೋದ ತಿಂಗಳು ಪಂಚರ್ ಹಾಕಿಸಿದ ಮೇಲೆ ನಟ್ಟು ಬಿಗಿ ಮಾಡದೆ, ಕೈಯಲ್ಲಿ ತಿರುವಿ ಬಿಟ್ಟಿದ್ದ. ಈ ಮನುಷ್ಯ ಇದಕ್ಕೂ ಐನೂರು ಇಳಿಸುತ್ತಾನೆ ಎಂದುಕೊಂಡ. ಯರ್ರೆಪ್ಪ ಮಾತ್ರ, ಕರ ಚೂಟಿ ಐತಿ, ಎಂದು ಸಂತೋಷಪಟ್ಟು ಮುಂದಕ್ಕೆ ಬಂದ.

ಯರ್ರೆಪ್ಪ: ಏಳೂವರಿ ಕೊಡ್ತೀನಿ. ಏಳು ವರ್ಷ ಅಂದ್ರ ಹಲ್ಲೆಲ್ಲ ಬಂದು ಬಾಯಿಗೂಡಿದ, ವಯಸ್ಸಾದ ಆಕಳ. ಕರ ಐತಿ ಅಂತ ಏಳೂವರಿ, ಇಲ್ಲಂದ್ರ ಏಳ.

ಏಳೂವರೆಗೆ ಕೊಟ್ಟರೆ ಹೊಸದಕ್ಕೆ ಹದಿಮೂರುನೂರು ಕಡಿಮೆ. ನಾಗೇಂದ್ರಪ್ಪ ಕೊನೆಯ ಅಸ್ತ್ರವೆಂದು ಒಳಗಿನಿಂದ ಹೊಸ ಸ್ಕೂಟರಿನ ಬೆಲೆಯ ಕಾಗದವನ್ನೇ ತಂದ. ಸರ್ಕಾರಿ ಮುದ್ರೆ ಕಂಡರೆ ತಾನು ಹೆದರುವಂತೆ ಉಳಿದವರೂ ಛಾಪಿಸಿದ ಅಕ್ಷರಕ್ಕೆ ಹೆದರುತ್ತಾರೆ ಎಂಬ ನಂಬಿಕೆ ಅವನದು. ಬೆಲೆ ಹೇಗೆ ಏರಿದೆ ನೋಡಿ ಎಂದು ಒಂದೊಂದೇ ಸಾಲು ಓದಿದ. ಕೊನೆಯ ಸಾಲಿಗೆ ಬಂದಾಗ ಸುಂಕಮ್ಮ ತಡೆದಳು.

ಸುಂಕಮ್ಮ: ಅದನ್ನ ಇನ್ನೊಮ್ಮೆ ಓದು.

ನಾಗೇಂದ್ರಪ್ಪ: "ಬರೆಸಿದ ದಿನದ ಬೆಲೆ ಲೆಕ್ಕಕ್ಕಿಲ್ಲ. ಗಾಡಿಯನ್ನು ಒಯ್ಯುವ ದಿನ ಇರುವ ಬೆಲೆಯನ್ನೇ ಕೊಡತಕ್ಕದ್ದು."

ಸುಂಕಮ್ಮ: ಅಂದ್ರ?

ನಾಗೇಂದ್ರಪ್ಪ: ಒಯ್ಯೋ ದಿನದ ರೇಟೇ ರೇಟು. ಮೊದಲ ಆಡಿದ್ದು ಮಾತಲ್ಲ.

ಸುಂಕಮ್ಮ: ಯಾರಪ್ಪ ಅವರು, ಭಾಳ ಶಾಣ್ಯಾರದಾರ.

ಯರ್ರೆಪ್ಪ ಕಾಗದವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಕುರಿಯ ರೇಟು ಬರೆದಿಲ್ಲವಲ್ಲ ಎಂದು ವಾಪಸು ಕೊಟ್ಟ. ವ್ಯಾಪಾರ ಮುರಿದುಬೀಳುವ ಹಂತಕ್ಕೆ ಬಂದಾಗ ನಾಗೇಂದ್ರಪ್ಪ, ಚಹಾ ಆದರೂ ಕುಡಿದು ಹೋಗಿ ಎಂದ. ಯರ್ರೆಪ್ಪ ಹೊಸ್ತಿಲನ್ನು ಒಂದು ಕ್ಷಣ ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆಯಿಟ್ಟ. ಸುಂಕಮ್ಮ ಹೊರಗೇ ಉಳಿದಳು. ಏಳು ವರ್ಷ ಮನೆಯಲ್ಲಿದ್ದ ಹೆಣ್ಣುಮಗಳು ಇಂದಲ್ಲ ನಾಳೆ ಹೊರಡುವವಳೇ, ತಾನು ಉಡಿ ತುಂಬಿಬಿಡುತ್ತೇನೆ, ಒಳಗಿನಿಂದ ಹಸಿರು ಖಣ ತರುತ್ತೇನೆ ಎಂದಳು. ಗಂಡಸರು ಅದಕ್ಕೆ ಅಡ್ಡಿ ಬರಲಿಲ್ಲ.

ಚಹಾ ಕುಡಿಯುತ್ತ ಯರ್ರೆಪ್ಪ ಆರು ವರ್ಷದಲ್ಲಿ ಕುರಿ ಎಷ್ಟು ಸಲ ಈಯುತ್ತದೆ ಎಂದು ಹೇಳಿದ. ನಾಗೇಂದ್ರಪ್ಪ ಅದಕ್ಕೆಲ್ಲ ಹೂಂಗುಟ್ಟುತ್ತ, ಸಂಜೆ ಗಾಳೆಮ್ಮ ಬಸ್ಸಿಳಿದು ಓಣಿಗೆ ತಿರುಗುವುದನ್ನು ನೆನೆಯುತ್ತಿದ್ದ.

ಹೊರಗೆ ಬಂದಾಗ ಸ್ಕೂಟರು ಗುರುತು ಸಿಗದಂತಾಗಿತ್ತು. ಕನ್ನಡಿಗಳಿಗೆ ಅರಿಸಿನ ಹತ್ತಿತ್ತು. ಹಿಂಭಾಗವನ್ನೆಲ್ಲ ಮುಚ್ಚುವಂತೆ ಹಸಿರು ಖಣ ಬಿಗಿದು, ಅದರೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಎಲ್ಲ ತುಂಬಿ ಗಂಟು ಹಾಕಿತ್ತು. ಬಾಗಿಲ ಪಕ್ಕದಲ್ಲಿ ಸುಂಕಮ್ಮ ತುಸು ಎತ್ತರದಲ್ಲಿ, ಮನೆಯ ಹಳೆಯ ಕಂಬಳಿ ಹೊದಿಸಿದ ಯಾವುದೋ ದಿಂಡಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಯರ್ರೆಪ್ಪ: ಯವ್ವಾ, ಇನ್ನೂ ವ್ಯಾಪಾರ ಆಗಿಲ್ಲಲ್ಲ.

ಸುಂಕಮ್ಮ: ಆಕೈತಿ. ನೀನರ ಎಂಥ ಮನಷ್ಯಾಪ, ಬಾಯಿ ನೋಡಿದಿ, ಸುಳಿ ನೋಡಿದಿ, ಹೆಜ್ಜಿ ನೋಡಿಲ್ಲ. ಹೆಜ್ಜಿ ನೋಡಲಾರದ ದನ ತಗೊಂತಾರೇನು? ಹಗ್ಗ ತಂದೀಯೇನು?

ಯರ್ರೆಪ್ಪ ತನ್ನ ಕೈಚೀಲದಿಂದ ಹೊಸ ಹಗ್ಗವೊಂದನ್ನು ತೆಗೆದ. ಅದರ ನಡುವೆ ಅರಿಸಿನದ ಬೇರು ಕಟ್ಟಿತ್ತು. ನಾಗೇಂದ್ರಪ್ಪ ಹಣೆಗೆ ಕೈಯಿಟ್ಟುಕೊಂಡ.

ನಾಗೇಂದ್ರಪ್ಪ: ಹಗ್ಗ ಯಾಕಬೇ? ಕೀಲಿ ಕೊಡು.

ಸುಂಕಮ್ಮ: ಕೀಲಿ ಕೊಡಂಗಿಲ್ಲ.

ನಾಗೇಂದ್ರಪ್ಪ: ಗಾಡಿ ಮಾರಿದ್ರ ಕೀಲಿ ಕೊಡಬೇಕು.

ಸುಂಕಮ್ಮ: ದನ ಮಾರಿದೋರು ಹಗ್ಗ ಕೊಡ್ತಾರೇನು? ಹಗ್ಗ ಹೋದ್ರ ಹಟ್ಟಿ ಲಕ್ಷ್ಮೀನೂ ಹಗ್ಗ ಹಿಡಕೊಂಡು ಹೊಂಟು ಹೋಗತಾಳ. ತಗೊಳ್ಳೋರು ತಮ್ಮ ಹಗ್ಗ ತಾವು ತರಬೇಕು. ತಂದಾನಲ್ಲ.

ಯರ್ರೆಪ್ಪ: ಯವ್ವ ಹೇಳೋದು ಖರೇ ಐತಿ. ಮಾರಿದೋರ ಹಗ್ಗ ನಾ ಮುಟ್ಟಂಗಿಲ್ರಿ. ಓದಿದೋರಾಗಿ ಇಷ್ಟು ಗೊತ್ತಿಲ್ಲೇನು ನಿಮಗ?

ಇಲ್ಲಿ ಆ ಕೀಲಿಯ ಬಗ್ಗೆ ಒಂದು ಮಾತು. ಆ ಸ್ಕೂಟರು ಹೊರಡಲು ಕೀಲಿ ಬೇಕಿರಲಿಲ್ಲ, ಒದ್ದರೆ ಸಾಕು. ಹ್ಯಾಂಡಲನ್ನು ಎಡಕ್ಕೆ ಹೊರಳಿಸಿ ಕೀಲಿ ಹಾಕಿದರೆ ಅದು ಹಾಗೇ ಎಡಕ್ಕೆ ಬಿಗಿದುಕೊಳ್ಳುತ್ತಿತ್ತು, ಕಳ್ಳ ತಳ್ಳಿಕೊಂಡು ಹೋಗದಿರಲಿ ಎಂದು. ಏಳು ವರ್ಷದಲ್ಲಿ ನಾಗೇಂದ್ರಪ್ಪ ಒಮ್ಮೆಯೂ ಕೀಲಿ ಹಾಕಿದವನಲ್ಲ. ಅದು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಈಗ ಮಾತ್ರ ಸುಂಕಮ್ಮನ ಸೆರಗಿನ ತುದಿಯ ಗಂಟಿನಲ್ಲಿತ್ತು.

ಯರ್ರೆಪ್ಪ ಹಗ್ಗವನ್ನು ಹ್ಯಾಂಡಲಿಗೆ ಕಟ್ಟಿ, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಹ್ಯಾಂಡಲು ಹಿಡಿದು, ಬಾಯಿಂದ ಚುಚು ಎನ್ನುತ್ತ ರಸ್ತೆಯ ಕಡೆ ನಡೆದ. ಸ್ಕೂಟರು ನಾಲ್ಕು ಹೆಜ್ಜೆ ಹೋಗಿ ಎಡಕ್ಕೆ ತಿರುಗಿತು. ಬೇವಿನ ಮರವನ್ನು ಒಂದು ಸುತ್ತು ಹಾಕಿ ಸುಂಕಮ್ಮನ ಮುಂದೆ ಬಂದು ನಿಂತಿತು. ಯರ್ರೆಪ್ಪ ಮತ್ತೆ ಎಳೆದ. ಮತ್ತೆ ಮರ ಸುತ್ತಿ ಅಲ್ಲಿಗೇ ಬಂತು. ಮೂರನೆಯ ಸಲ ಅವನು ಧೋತರ ಎತ್ತಿ ಕಟ್ಟಿ, ಮೈಲಾರಲಿಂಗನ ಹೆಸರು ಹೇಳಿ ಬಲವಾಗಿ ಎಳೆದ. ಈ ಸಲ ಇನ್ನೂ ಬೇಗ ಬಂತು.

ಯರ್ರೆಪ್ಪ: ಇದನ್ನ ಹಂತಿಗೆ ಕಟ್ಟಿದ್ರೇನು? ಕಣದಾಗ ರಾಶಿ ತುಳದಂಗ ತಿರಗಾಕತ್ತೈತಿ.

ನಾಗೇಂದ್ರಪ್ಪನಿಗೆ ಮೊದಲ ಸುತ್ತಿನಲ್ಲೇ ತಿಳಿದಿತ್ತು. ಹ್ಯಾಂಡಲು ಎಡಕ್ಕೆ ಬಿಗಿದಿದೆ, ಯಾರೋ ಕೀಲಿ ಹಾಕಿದ್ದಾರೆ. ಅವನು ತಾಯಿಯ ಕಡೆ ನೋಡಿದ. ತಾಯಿ ಬೇವಿನ ಮರದ ಮೇಲಿನ ಕಾಗೆಯ ಕಡೆ ನೋಡಿದಳು.

ನಾಗೇಂದ್ರಪ್ಪ: ಯರ್ರೆಪ್ಪಣ್ಣ, ಅದು ಏನಾಗೈತಿ ಅಂದ್ರ...

ಸುಂಕಮ್ಮ: ಮಾತಾಡಬ್ಯಾಡ. ಅದಕ್ಕ ದುಃಖ ಆಗೈತಿ.

ಯರ್ರೆಪ್ಪ: ಹೌದ್ರಿ, ಸುಮ್ಮನಿರ್ರಿ. ಮೂರು ಸಲ ತಿರುಗಿ ಹೊಸ್ತಿಲಕ್ಕ ಬಂತು. ಇಂಥ ದನ ಲಕ್ಷದಾಗ ಒಂದು. ನಮ್ಮ ಮುತ್ಯಾನ ಕಾಲದಾಗ ಒಂದು ಆಕಳ ಹಿಂಗ ಹರಪನಹಳ್ಳಿಯಿಂದ ತಿರುಗಿ ಬಂದಿತ್ತಂತ.

ನಾಗೇಂದ್ರಪ್ಪ ಬಾಯಿ ತೆರೆದ. 'ಇದು ದುಃಖವಲ್ಲ, ಲಾಕು' ಎಂದು ಎರಡು ಮಾತಿನಲ್ಲಿ ಹೇಳಬಹುದಿತ್ತು. ತನ್ನ ಅಪ್ಪ ಎತ್ತಿನ ವ್ಯಾಪಾರದಲ್ಲಿ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಹಾಗಾಗಿ ಒಂದು ಎತ್ತನ್ನೂ ಕೊಳ್ಳಲಾಗಿರಲಿಲ್ಲ. ಇನ್ನೊಂದು ಕಡೆ ಗಾಳೆಮ್ಮ, ಬಸ್ ಸ್ಟ್ಯಾಂಡು, ಸೋಮವಾರ. ಬಾಯಿ ಮುಚ್ಚಿದ. ಸರ್ಕಾರಿ ನೌಕರನಿಗೆ ಬಾಯಿ ಮುಚ್ಚುವುದು ಹೊಸ ವಿದ್ಯೆಯಲ್ಲ, ಆದರೆ ಅಂದು ನಾಚಿಕೆಯಾಯಿತು.

ಯರ್ರೆಪ್ಪ ಹೆಗಲ ಟವೆಲು ತೆಗೆದು ಕೊಡವಿದ. ಇನ್ನು ಬಾಯಿಮಾತಿನ ವ್ಯಾಪಾರ ಬೇಡ, ಟವೆಲಿನ ಕೆಳಗೆ ಆಗಲಿ ಎಂದ. ದನದ ಸಂತೆಯಲ್ಲಿ ಹೀಗೆಯೇ. ಬಟ್ಟೆಯ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ಬೆಲೆ ಹೇಳಬೇಕು. ಸುತ್ತ ನಿಂತವರಿಗೆ ತಿಳಿಯಬಾರದು. ಸುತ್ತ ನಿಂತದ್ದು ನಾಗೇಂದ್ರಪ್ಪನೊಬ್ಬನೇ. ಅವನು ಕೈ ಚಾಚಿದ. ಅವನಿಗೆ ಈ ಭಾಷೆ ಬರುವುದಿಲ್ಲ ಎಂದು ಸುಂಕಮ್ಮ ಅದನ್ನು ಪಕ್ಕಕ್ಕೆ ಸರಿಸಿ ತನ್ನ ಕೈ ಚಾಚಿದಳು. ಯರ್ರೆಪ್ಪ ಆ ಸುಕ್ಕುಗಟ್ಟಿದ ಕೈಯನ್ನು ನೋಡಿದ. ಅವನ ಅಪ್ಪ ಆ ಕೈಯಿಂದ ನೀರು ಮುಟ್ಟುತ್ತಿರಲಿಲ್ಲ. ಅವನು ಟವೆಲು ಹೊದಿಸಿ ಕೈ ಹಿಡಿದ.

ಆಮೇಲಿನದು ನಾಗೇಂದ್ರಪ್ಪನ ಪಾಲಿಗೆ ದೊಡ್ಡ ಹಿಂಸೆ. ಟವೆಲು ಒಮ್ಮೆ ಉಬ್ಬಿತು, ಒಮ್ಮೆ ತಗ್ಗಿತು. ಯರ್ರೆಪ್ಪ ಹಲ್ಲು ಕಚ್ಚಿದ. ಸುಂಕಮ್ಮ ನಕ್ಕಳು. ಎಂಟು ಸಾವಿರದ ಎಂಟುನೂರು ದಾಟಿತೋ ಇಲ್ಲವೋ ಅವನಿಗೆ ತಿಳಿಯದು.

ನಾಗೇಂದ್ರಪ್ಪ: ಯವ್ವಾ, ಎಷ್ಟಕ್ಕ ಬಂತು?

ಸುಂಕಮ್ಮ: ನಡುವ ಮಾತಾಡಿದಿ, ಈಗ ಒಂದು ಬೆರಳ ಹಿಂದ ಹೋದ ನೋಡು.

ನಾಗೇಂದ್ರಪ್ಪ ಮರ ಹಿಡಿದು ನಿಂತ. ಕೊನೆಗೆ ಟವೆಲು ಸುಮ್ಮನಾಯಿತು. ಯರ್ರೆಪ್ಪ ನಿಟ್ಟುಸಿರು ಬಿಟ್ಟು ಸೊಂಟದ ಗಂಟು ಬಿಚ್ಚಿ, ಒಂಬತ್ತು ಸಾವಿರದ ಇನ್ನೂರು ಎಣಿಸಿ ಸುಂಕಮ್ಮನ ಮಡಿಲಿಗೆ ಹಾಕಿದ. ನಾಗೇಂದ್ರಪ್ಪನಿಗೆ ತಾಯಿಯ ಕಾಲಿಗೆ ಬೀಳಬೇಕು ಅನ್ನಿಸಿತು. ಆದರೆ ಒಂದು ತೊಡಕು ಉಳಿದಿತ್ತು. ದುಡ್ಡು ಕೊಟ್ಟ ಮೇಲೆ ಗಾಡಿ ಹೋಗಬೇಕಲ್ಲ.

ಯರ್ರೆಪ್ಪ: ಯವ್ವಾ, ಸಾಕಿದೋರು ಕಿವ್ಯಾಗ ಒಂದು ಮಾತು ಹೇಳಿದ್ರ ದನ ಹೋಗತೈತಿ. ನೀ ಹೇಳು.

ಸುಂಕಮ್ಮ ಎದ್ದಳು. ಎದ್ದ ಜಾಗದ ಕಂಬಳಿಯನ್ನು ಸರಿಪಡಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಸ್ಕೂಟರಿನ ಕೊರಳನ್ನು ಅಪ್ಪಿ ಬಗ್ಗಿದಳು. ಸೆರಗಿನೊಳಗೆ ಅವಳ ಕೈ ಏನು ಮಾಡಿತೋ, ಕಟಕ್ ಎಂದು ಒಂದು ಸದ್ದಾಯಿತು. ಅದು ನಾಗೇಂದ್ರಪ್ಪನಿಗೆ ಗುಡುಗಿನಂತೆ ಕೇಳಿಸಿ ಅವನು ಜೋರಾಗಿ ಕೆಮ್ಮಿದ.

ಸುಂಕಮ್ಮ: ಹೋಗಿ ಬಾರವ್ವ. ಅಲ್ಲಿ ನಿನ್ನ ದಿನಾ ಒದೀತಾರ, ಮನಸಿಗೆ ಹಚ್ಚಿಕೋಬ್ಯಾಡ.

ಇದನ್ನು ಹೇಳುವಾಗ ಅವಳ ದನಿ ನಿಜವಾಗಿಯೂ ಒಡೆಯಿತು. ಕೀಲಿ ಸುಳ್ಳಿನದಾಗಿರಬಹುದು, ಕಣ್ಣೀರು ಸುಳ್ಳಿನದಾಗಿರಲಿಲ್ಲ. ನಾಗೇಂದ್ರಪ್ಪನೂ ಮುಖ ತಿರುಗಿಸಿಕೊಂಡ.

ಯರ್ರೆಪ್ಪ ಹಗ್ಗ ಹಿಡಿದು ನಡೆದ. ಸ್ಕೂಟರು ಗಾಣದೆತ್ತಿನ ನಡಿಗೆ ಬಿಟ್ಟು ನೆಟ್ಟಗೆ, ವಿಧೇಯವಾಗಿ ಓಣಿಗುಂಟ ಹೊರಟಿತು. ಉಡಿಯ ಗಂಟು ಮನೆಗೆ ಹೋಗಿಯೇ ಬಿಚ್ಚಬೇಕು, ದಾರಿಯಲ್ಲಿ ಯಾರೂ ಮುಟ್ಟಬಾರದು ಎಂದು ಸುಂಕಮ್ಮ ಹಿಂದಿನಿಂದ ಕೂಗಿ ಹೇಳಿದಳು. ತನಗೆ ಗೊತ್ತಿಲ್ಲವೇ ಎಂದು ಅವನು ಕೈಯೆತ್ತಿದ. ಓಣಿಯ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದ.

ಯರ್ರೆಪ್ಪ: ಗುಮಾಸ್ತರ, ಒಂದು ಮಾತು ಹೇಳ್ಲೇನು? ಬ್ಯಾಸರ ಮಾಡಿಕೋಬ್ಯಾಡ್ರಿ. ಹ್ಯಾಂಡಲ್ ಲಾಕ್ ಅಂದ್ರ ನನಗ ಗೊತ್ತೈತಿ. ನನ್ನ ಅಳಿಯ ಪಾಲಾಕ್ಷ ಹರಪನಹಳ್ಯಾಗ ಗ್ಯಾರೇಜಿನ್ಯಾಗ ಅದಾನ. ಈಗ ಊರ ಹೊರಗ ಹುಣಸಿಮರದ ಕೆಳಗ ನಿಂತಾನ, ಹೊಡಕೊಂಡು ಹೋಗಾಕ.

ನಾಗೇಂದ್ರಪ್ಪ: ಗೊತ್ತಿದ್ದು ಯಾಕ ಸುಮ್ಕಿದ್ರಿ ಮತ್ತ?

ಯರ್ರೆಪ್ಪ: ಅಳಿಯನ್ನ ಕರಕೊಂಡು ಬಂದಿದ್ರ ನೀವು ಪ್ಯಾಟಿ ರೇಟು ತಗೀತಿದ್ರಿ. ಮೊನ್ನೆ ಕೊಟ್ಟೂರಾಗ ಇದಕ್ಕಿಂತ ಹಳೇದು ಹನ್ನೊಂದಕ್ಕ ಹೋತು. ನಾನೂ ಹನ್ನೊಂದ ಕಟ್ಟಿಗೊಂಡು ಬಂದಿದ್ದೆ. ಹಲ್ಲು, ಸುಳಿ ಅಂತ ಅಂದೆ, ನೀವೂ ಎತ್ತಿನ ಲೆಕ್ಕಕ್ಕ ಇಳದ್ರಿ. ಯವ್ವ ಭಾಳ ಗಟ್ಟಿ ಅದಾಳ, ಆಕಿ ಇರಲಿಲ್ಲಂದ್ರ ಎಂಟಕ್ಕ ಮುಗಸ್ತಿದ್ದೆ. ಬರ್ತೀನ್ರಿ.

ಅವನು ತಿರುವಿನಲ್ಲಿ ಮರೆಯಾದ. ನಾಗೇಂದ್ರಪ್ಪ ಮಣ್ಣಿನ ಮೇಲೇ ಕೂತುಬಿಟ್ಟ. ಬೆಳಗಿನಿಂದ ದಡ್ಡನೊಬ್ಬನಿಗೆ ಬುದ್ಧಿ ಹೇಳುತ್ತಿದ್ದೇನೆ ಎಂದುಕೊಂಡಿದ್ದ. ಆ ದಡ್ಡ ಸೊಂಟದಲ್ಲಿ ಇನ್ನೂ ಹದಿನೆಂಟುನೂರು ಇಟ್ಟುಕೊಂಡು ತನ್ನದೇ ಚಹಾ ಕುಡಿದು ಹೋಗಿದ್ದ. ಸುಳ್ಳಿಗೆ ಸುಮ್ಮನಿದ್ದ ಪಾಪ ತನಗೆ, ಲಾಭ ಅವನಿಗೆ.

ನಾಗೇಂದ್ರಪ್ಪ: ಹದಿನೆಂಟುನೂರು ಹೋತಲ್ಲಬೇ. ಗಾಳೆಮ್ಮಗ ಏನಂತ ಹೇಳ್ಲಿ?

ಸುಂಕಮ್ಮ: ಹೊಸಾದಕ್ಕ ಆತಲ್ಲ, ಸುಮ್ಕಿರು. ಊರ ಹೊರಗ ಯಾರು ನಿಂತಾನಂದ?

ನಾಗೇಂದ್ರಪ್ಪ: ಅಳಿಯ. ಗ್ಯಾರೇಜಿನವ.

ಸುಂಕಮ್ಮ: ಚಲೋ ಆತು. ನಾ ಅಮಾಸಿ ಪೂಜಿಗೆ ಅವರು ಗಾಡಿ ತೊಳೆಯೋ ತನಕ ಕಾಯಬೇಕಾಕೈತಿ ಅಂದಿದ್ದೆ. ಗ್ಯಾರೇಜಿನವ ಆದ್ರ ಉಡಿ ಬಿಚ್ಚಿ ನೋಡಿ ಈಗ ಬರ್ತಾನ.

ಅವಳು ಬಾಗಿಲ ಪಕ್ಕಕ್ಕೆ ಹೋಗಿ, ತಾನು ಕೂತಿದ್ದ ದಿಂಡಿನ ಮೇಲಿನ ಕಂಬಳಿ ತೆಗೆದಳು. ಕೆಳಗೆ ಸ್ಟೆಪ್ನಿ ಇತ್ತು. ಅದಕ್ಕೂ ಅರಿಸಿನ ಕುಂಕುಮ ಹಚ್ಚಿತ್ತು. ನಟ್ಟುಗಳು ಒಂದು ಎಲೆಯ ಮೇಲೆ ಜೋಪಾನವಾಗಿ ಕೂತಿದ್ದವು.

ನಾಗೇಂದ್ರಪ್ಪ: ಯವ್ವಾ, ಇದನ್ನ ಗಾಡಿ ಜೊತಿ ಕೊಡಬೇಕು.

ಸುಂಕಮ್ಮ: ಆಕಳ ಮಾರೀನಿ. ಕರದ ಮಾತು ಟವೆಲ್ಲಿನಾಗ ಬರಲಿಲ್ಲ.

ನಾಗೇಂದ್ರಪ್ಪ: ಅವನೇ ಮೊದಲ ಹೇಳ್ಯಾನಲ್ಲಬೇ, ಕರ ಸೇರಿ ಏಳೂವರಿ ಅಂತ.

ಆ ಹೊತ್ತಿಗೆ ಓಣಿಯ ಆ ತುದಿಯಿಂದ, ಗುಮಾಸ್ತರ, ಗುಮಾಸ್ತರ ಎಂದು ಯರ್ರೆಪ್ಪನ ಕೂಗು ಕೇಳಿಸಿತು. ಜೊತೆಗೆ ಇನ್ನೊಂದು ಎಳೆಯ ಗಂಟಲು. ಸುಂಕಮ್ಮ ನಿಧಾನವಾಗಿ ಕಂಬಳಿಯನ್ನು ಮತ್ತೆ ಹೊದಿಸಿ, ಅದರ ಮೇಲೆ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡಳು.

ಸುಂಕಮ್ಮ: ಚಹಾಕ್ಕ ನೀರಿಡು. ಆ ಕಾಗದಾನೂ ತಗೊಂಡು ಬಾ. ಕರಕ್ಕೂ ಒಯ್ಯೋ ಹೊತ್ತಿನ ರೇಟೇ ರೇಟು ಅಂತ ಓದಿ ಹೇಳೂವಂತಿ.